ಕರಿಯಪ್ಪನವರ ನಾನೂರ ಹನ್ನೆರಡು ಪದಗಳು

ಮದುವೆ ಮನೆಯಲ್ಲಿ ಕರಿಯಪ್ಪನವರ ಪಕ್ಕ ಊಟಕ್ಕೆ ಕೂರಬಾರದು ಎಂದು ನಮ್ಮ ಬೀದಿಯಲ್ಲಿ ಒಂದು ಮಾತಿದೆ. ಎಲೆಗೆ ಅನ್ನ ಬಿದ್ದ ಕೂಡಲೇ ಅವರು ಸಾರಿಗೆ ಕಾಯದೆ ಒಂದು ಅಗುಳನ್ನು ಬೆರಳ ತುದಿಗೆ ಎತ್ತಿಕೊಂಡು, ಬೆಳಕಿಗೆ ತಿರುಗಿಸಿ, "ಬೆರಕೆ" ಎನ್ನುತ್ತಾರೆ. ಯಾವ ತಳಿಯೊಳಗೆ ಯಾವ ತಳಿ ಸೇರಿಕೊಂಡಿದೆ, ನೂರಕ್ಕೆ ಎಷ್ಟು ಕಾಳು ಸೇರಿದೆ ಎಂಬ ವಿವರಣೆ ಆಮೇಲೆ ಪಾಯಸ ಬರುವವರೆಗೂ ನಡೆಯುತ್ತದೆ. ಒಮ್ಮೆ ಹೆಣ್ಣಿನ ಕಡೆಯವರು ಇವರನ್ನು ಸರ್ಕಾರದ ಕಡೆಯವರೆಂದು ತಿಳಿದು ಹೆದರಿ, ಎರಡು ಹೋಳಿಗೆ ಹೆಚ್ಚು ಬಡಿಸಿದ್ದುಂಟು. ಕರಿಯಪ್ಪನವರು ಆ ತಿಳಿವಳಿಕೆಯನ್ನು ತಿದ್ದಲಿಲ್ಲ.

ಈ ಅಧಿಕಾರ ಅವರಿಗೆ ಬಂದದ್ದು ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಿಂದ. ಹತ್ತೊಂಬತ್ತನೆಯ ವಯಸ್ಸಿಗೆ ದಿನಗೂಲಿಗೆ ಸೇರಿ, ಮೂವತ್ತೊಂಬತ್ತು ವರ್ಷ ಬದುಗಳ ಮೇಲೆ ಓಡಾಡಿ, ಫೀಲ್ಡ್ ಅಸಿಸ್ಟೆಂಟ್ ಆಗಿ ನಿವೃತ್ತರಾದವರು. ಪ್ರಯೋಗದ ಗದ್ದೆಯ ಪ್ರತಿಯೊಂದು ಸಾಲಿಗೂ ನಂಬರಿನ ತಗಡು ಕಟ್ಟುವುದು ಅವರ ಕೆಲಸ. ಇನ್ನೊಂದು, ಅದಕ್ಕಿಂತ ಘನವಾದದ್ದು, ಬೆರಕೆ ಕೀಳುವುದು. ಬೀಜಕ್ಕೆಂದು ಬಿಟ್ಟ ಪೈರಿನಲ್ಲಿ ಒಂದು ಗಿಡ ಒಂದಂಗುಲ ಉದ್ದವಿದ್ದರೂ, ಒಂದು ಎಲೆ ಬೇರೆ ಬಣ್ಣ ತೋರಿದರೂ, ಅದು ಹೂವಾಗಿ ಅಕ್ಕಪಕ್ಕದ್ದನ್ನು ಕೆಡಿಸುವ ಮುಂಚೆ ಬೇರು ಸಮೇತ ಕಿತ್ತು, ಯಾವ ಸಾಲಿನಲ್ಲಿ, ಯಾವ ದಿನ ಕಿತ್ತದ್ದು ಎಂದು ಪುಸ್ತಕದಲ್ಲಿ ಬರೆದಿಡಬೇಕು. ವಿಜ್ಞಾನಿಗಳು ಬಂದರು, ಬಡ್ತಿ ಪಡೆದು ಹೋದರು. ಕೀಳುವ ಕೈ ಮಾತ್ರ ಕರಿಯಪ್ಪನವರದೇ. "ಸೈಂಟಿಸ್ಟ್‌ಗೋಳು ಪೇಪರ್ ಬರುದ್ರು ಮೇಷ್ಟ್ರೇ, ಕಣ್ಣು ನಂದು" ಎಂದು ಅವರು ನನಗೆ ಹೇಳದ ವಾರವಿಲ್ಲ. ನಾನು ಅವರ ಎದುರು ಮನೆಯವನು, ಪ್ರೌಢಶಾಲೆಯಲ್ಲಿ ಕನ್ನಡ ಮೇಷ್ಟ್ರು. ಕೇಳಿಸಿಕೊಳ್ಳುವುದು ನನ್ನ ಪಾಲಿಗೆ ಬಂದ ಕೆಲಸ.

ಹೋದ ವರ್ಷ ಯುಗಾದಿ ಕಳೆದ ವಾರ ಅವರ ಹೆಂಡತಿ ಯಶೋದಮ್ಮನಿಗೆ ಲಕ್ವ ಹೊಡೆಯಿತು. ಬಲಗೈ ಸೋತಿತು, ಬಲಗಾಲು ಎಳೆಯತೊಡಗಿತು, ಮಾತು ಪೂರಾ ಹೋಯಿತು. ಕಾಲು ಮೂರು ತಿಂಗಳಲ್ಲಿ ಒಂದಿಷ್ಟು ಮರಳಿತು. ಮಾತು ಬರಲಿಲ್ಲ. ಮಂಡ್ಯದ ಒಂದು ಕ್ಲಿನಿಕ್ಕಿನಲ್ಲಿ ಹರಿಪ್ರಿಯಾ ಎಂಬ ಹುಡುಗಿ ಇಂಥವರಿಗೆ ಮಾತು ಕಲಿಸುತ್ತಾಳೆ. ಅವಳ ಹತ್ತಿರ ಕರೆದುಕೊಂಡು ಹೋದಾಗ ನಾನೂ ಜೊತೆಗಿದ್ದೆ.

"ಪದಗಳು ಎಲ್ಲೂ ಹೋಗಿಲ್ಲ ಸಾರ್, ಒಳಗಡೇನೇ ಇವೆ" ಎಂದಳು ಹರಿಪ್ರಿಯಾ. "ಅವುಗಳ ಹತ್ರ ಹೋಗೋ ದಾರಿ ಕಿತ್ತುಹೋಗಿದೆ, ಅಷ್ಟೇ. ಪಕ್ಕದ ಪದ ಹಿಡ್ಕೊಂಡು ಬಳಸುದಾರೀಲಿ ಹೋಗ್ಬೇಕು." ಹಾಗೆಂದು ಒಂದು ಹಾಳೆ ಕೊಟ್ಟಳು. ನಡುವೆ ಒಂದು ಪದ. ಅದರಿಂದ ಆರು ಗೆರೆ. ಇದು ಯಾವ ಗುಂಪಿಗೆ ಸೇರಿದ್ದು, ಏನು ಮಾಡುತ್ತದೆ, ಎಲ್ಲಿರುತ್ತದೆ, ಹೇಗಿರುತ್ತದೆ, ಇದರ ಭಾಗಗಳು ಯಾವುವು, ಆರನೆಯದು ಇದು ನಿಮಗೆ ಏನನ್ನು ನೆನಪಿಗೆ ತರುತ್ತದೆ. ಹಸು ಎಂಬ ಪದ ಸಿಗದಿದ್ದರೆ ಹಾಲು, ಕೊಟ್ಟಿಗೆ, ಕೊಂಬು ಎಂದು ಸುತ್ತಲಿಂದ ಕರೆಯಬೇಕು. ಕರೆದೂ ಕರೆದೂ ಒಂದು ದಿನ ಹಸು ಬರುತ್ತದೆ.

ಕ್ಲಿನಿಕ್ಕಿನ ಮೆಟ್ಟಿಲಿಳಿಯುವಾಗಲೇ ಕರಿಯಪ್ಪನವರ ಬೆನ್ನು ನೆಟ್ಟಗಾಗಿತ್ತು. "ಇದ್ಯಾವ ಮಹಾ ಇದ್ಯೆ ಮೇಷ್ಟ್ರೇ? ತಳಿ ವಂಸಾವಳಿ ಬರ್ದಂಗೆ. ತಾಯಿ ಗಿಡ ಯಾವ್ದು, ತಂದೆ ಗಿಡ ಯಾವ್ದು. ಅಷ್ಟೇಯ. ಆ ಮಗಾ ಒಂದೊಂದೇ ಪದ ಆಳೇಲಿ ಬರ್ಕೊಂಡು ಕುಂತದೆ. ಎಲ್ಲಾನೂ ಒಂದೇ ಕಡೆ ತಂದ್ರೆ ಎಂಗಿರ್ತದೆ ನೋಡಿ!"

ಅವರ ನಡುಮನೆಯ ಮೂಡಣ ಗೋಡೆ ಖಾಲಿಯಾಯಿತು. ಕ್ಯಾಲೆಂಡರ್ ಹೋಯಿತು, ದೇವರ ಪಟಗಳು ಅಡುಗೆ ಮನೆಗೆ ಹೋದವು. ನಿವೃತ್ತಿಯ ದಿನ ಹಾರ ಹಾಕಿಸಿಕೊಂಡ ಕರಿಯಪ್ಪನವರ ಫೋಟೊ ಮಾತ್ರ ಜಾಗ ಬಿಡಲಿಲ್ಲ. ನಿವೃತ್ತರಾದವರ ಮನೆಯಲ್ಲಿ ಫಾರಂನ ತಗಡುಗಳು ಐನೂರು ಹೇಗೆ ಇದ್ದವೆಂದು ನಾನು ಕೇಳಲಿಲ್ಲ. ಒಂದೊಂದು ತಗಡಿನ ಮೇಲೂ ನಾನು ನನ್ನ ಗುಂಡು ಅಕ್ಷರದಲ್ಲಿ ಒಂದೊಂದು ಪದ ಬರೆದೆ. ಕರಿಯಪ್ಪನವರು ಮೊಳೆ ಹೊಡೆದು ನೇತುಹಾಕಿದರು. ತಗಡಿನಿಂದ ತಗಡಿಗೆ ದಾರ. ಗುಂಪಿಗೆ ಕೆಂಪು, ಕೆಲಸಕ್ಕೆ ಹಸಿರು, ಜಾಗಕ್ಕೆ ನೀಲಿ, ರೂಪಕ್ಕೆ ಹಳದಿ, ಭಾಗಕ್ಕೆ ಬಿಳಿ.

"ಆರನೇದು?" ಎಂದೆ.

"ನೆಪ್ಪಿಗೆ ಬರೋದಾ? ಅದು ವಿಜ್ಞಾನ ಅಲ್ಲ ಬುಡಿ ಮೇಷ್ಟ್ರೇ. ಒಬ್ಬೊಬ್ರಿಗೆ ಒಂದೊಂದು ನೆಪ್ಪಾಯ್ತದೆ. ಅದ್ನ ಎಂಗೆ ಅಳತೆ ಮಾಡೀರಿ?"

ಅಳತೆ ಮಾಡಲಾಗದ್ದು ವ್ಯಾಕರಣದಲ್ಲೂ ಬೇಕಾದಷ್ಟಿದೆ ಎಂದು ಹೇಳಬಹುದಾಗಿತ್ತು. ಆದರೆ ನನ್ನ ಅಕ್ಷರವನ್ನು ಅವರು ಆಗಷ್ಟೇ ಹೊಗಳಿದ್ದರು. ತಲೆಯಾಡಿಸಿದೆ. ಆರನೆಯ ಗೆರೆ ಹೀಗೆ ಇಬ್ಬರು ಪಂಡಿತರ ಒಪ್ಪಿಗೆಯಿಂದ ಬಿದ್ದುಹೋಯಿತು.

ಗೋಡೆಯ ಮೇಲುಗಡೆ ನೆಂಟರ ಸಾಲು. ಎರಡೂ ಕಡೆ ಮೂರು ತಲೆಮಾರು, ಸತ್ತವರೂ ಸೇರಿ. ಬರೆಯುತ್ತಾ ಬರೆಯುತ್ತಾ ನಾನು ಅನ್ಯಮನಸ್ಕನಾಗಿ "ಯಶೋದಮ್ಮನ ಅಕ್ಕ ಇಂದ್ರಮ್ಮ" ಎಂದುಬಿಟ್ಟೆ. ಕರಿಯಪ್ಪನವರು ಸುತ್ತಿಗೆ ಕೆಳಗಿಟ್ಟರು. "ತಗಡು ಮುಗುದೋಯ್ತು" ಎಂದರು. ಡಬ್ಬದಲ್ಲಿ ಇನ್ನೂ ನೂರು ತಗಡು ಇದ್ದವು.

ಇಂದ್ರಮ್ಮನದು ಮಾತು ಬಿಟ್ಟ ಮನೆ. ನಮ್ಮ ಸೀಮೆಯಲ್ಲಿ ಎರಡು ಮನೆಗಳು ಮಾತು ಬಿಟ್ಟವೆಂದರೆ ನೀರು ಬೆಂಕಿ ಬಿಟ್ಟಂತೆ. ಆ ಮನೆಯವರ ಹೆಸರನ್ನೂ ಈ ಮನೆಯಲ್ಲಿ ಎತ್ತಬಾರದು. ಮಾತು ಬಿಟ್ಟವರು ಯಾರೋ ಅವರೇ ಹೋಗಿ ಕರೆಯುವ ತನಕ ಆ ಕಡೆಯವರು ಹೊಸಿಲು ತುಳಿಯುವಂತಿಲ್ಲ. ಹನ್ನೊಂದು ವರ್ಷದ ಹಿಂದೆ ಇಂದ್ರಮ್ಮನ ಮಗ ಸಂತೋಷನ ಮದುವೆ. ಲಗ್ನಪತ್ರಿಕೆಯ ಹಿಂಬದಿಯಲ್ಲಿ, ಸುಖಾಗಮನ ಬಯಸುವವರು ಎಂದು ಮೂವತ್ತೆರಡು ಹೆಸರು. ಹಾಲಿನ ಡೇರಿಯ ಚೌಡಯ್ಯನ ಹೆಸರು ಒಂಬತ್ತನೆಯದು. ಕರಿಯಪ್ಪನವರ ಹೆಸರು ಇರಲೇ ಇಲ್ಲ. ಅಚ್ಚಿನವನ ತಪ್ಪು ಎಂದು ಇಂದ್ರಮ್ಮ ಕೈ ಮುಗಿದರು. ಅಷ್ಟಕ್ಕೇ ನಿಲ್ಲಿಸದೆ, ಪಾಪ, ಪೆನ್ನು ತೆಗೆದು ಕರಿಯಪ್ಪನವರ ಪ್ರತಿಯಲ್ಲಿ ಮೂಲೆಗೆ ಹೆಸರು ಬರೆದುಕೊಟ್ಟರು. ಬಿಟ್ಟುಹೋದದ್ದನ್ನು ಕ್ಷಮಿಸಬಹುದಿತ್ತೋ ಏನೋ. "ಪೆನ್ನಲ್ಲಿ ಬರುದ್ಲು!" ಎಂಬುದನ್ನು ಅವರು ಕ್ಷಮಿಸಲಿಲ್ಲ. ಯಶೋದಮ್ಮ ಅಂದಿನಿಂದ ಅಕ್ಕನ ಮನೆಗೆ ಹೋಗಿಲ್ಲ, ಅಕ್ಕ ಎಂದು ಬಾಯಿ ಬಿಟ್ಟಿಲ್ಲ. ಹಾಗೆಂದು ಕರಿಯಪ್ಪನವರು ತಿಳಿದಿದ್ದರು.

ಗೋಡೆ ಮುಗಿದಾಗ ನಾನೂರ ಹನ್ನೆರಡು ಪದ. ಮೊದಲ ಎರಡು ತಿಂಗಳು ಅದು ಕೆಲಸ ಮಾಡಿದ್ದು ಸುಳ್ಳಲ್ಲ. ಹಸು ಬಂತು, ನೀರು ಬಂತು, ಬಿಸಿಲು, ಕುಡುಗೋಲು, ವೀಣ ಬಂದರು. ವೀಣ ಎಂದರೆ ಮಗಳು, ಭಾರತೀನಗರದ ಕಾಲೇಜೊಂದರಲ್ಲಿ ಪಾಠ ಹೇಳುತ್ತಾಳೆ, ಬಸ್ಸಿನಲ್ಲಿ ಹೋಗಿ ಬಂದು ಮಾಡುತ್ತಾಳೆ. ಅಮ್ಮ ತನ್ನ ಹೆಸರು ಹೇಳಿದ ದಿನ ಅವಳು ಕಾಲೇಜಿಗೆ ಹೋಗಲಿಲ್ಲ. ಕರಿಯಪ್ಪನವರು ಗ್ಯಾಸ್ ತಂದವನನ್ನೂ ನಿಲ್ಲಿಸಿಕೊಂಡು ಇಪ್ಪತ್ತು ನಿಮಿಷ ದಾರಗಳ ವಿಷಯ ತಿಳಿಸಿದರು.

ಆಮೇಲೆ ಅವರಿಗೆ ಗೋಡೆಯನ್ನು ಶುದ್ಧಮಾಡಬೇಕೆನ್ನಿಸಿತು. ಪೈರು ಎದ್ದ ಮೇಲೆ ಬೆರಕೆ ಕೀಳಬೇಡವೇ?

ಪ್ರತಿದಿನ ಬೆಳಿಗ್ಗೆ ಒಂಬತ್ತಕ್ಕೆ ಯಶೋದಮ್ಮನನ್ನು ಗೋಡೆಯ ಮುಂದೆ ಕೂರಿಸಿ, ಚಿತ್ರವೋ ವಸ್ತುವೋ ತೋರಿಸಿ ಕೇಳುವುದು. ಒಮ್ಮೆ ನಾನು ಕಣ್ಣಾರೆ ಕಂಡೆ.

"ಯಸೋದೆ, ಇದೇನು ಯೋಳು" ಎಂದು ಫೋನು ಹಿಡಿದರು.

ಯಶೋದಮ್ಮ ನೋಡಿದರು. ತುಟಿ ನಡುಗಿತು. "ಮಿಲ್ಲು."

"ಮಿಲ್ಲಲ್ಲ ಕಣಮ್ಮಿ. ಕಿವೀಗ್ ಮಡೀಕ್ಕತೀವಿ, ಮಾತಾಡ್ತೀವಿ. ಏನು?"

"ಮಿಲ್ಲು, ಮಿಲ್ಲು."

"ಬೆರಕೆ" ಎಂದು ಕರಿಯಪ್ಪನವರು ಪುಸ್ತಕದಲ್ಲಿ ಬರೆದರು. ತಾರೀಕು, ವಾರ, ತೋರಿಸಿದ್ದು ಏನು, ಬಂದದ್ದು ಏನು. ನಗುವ ಹೆಂಗಸಿನ ಚಿತ್ರಕ್ಕೆ ಮಿಲ್ಲು ಎಂದರೂ ಬೆರಕೆ, ಅಕ್ಕ ಎಂಬ ತಗಡು ತೋರಿಸಿದ್ದಕ್ಕೆ ಡಬ್ಬ ಎಂದರೂ ಬೆರಕೆ. ಒಂದು ಪದ ಮತ್ತೆ ಮತ್ತೆ ತಪ್ಪು ಜಾಗದಲ್ಲಿ ಕಾಣಿಸಿಕೊಂಡರೆ ಅದರ ತಗಡನ್ನೇ ಕಿತ್ತು ಚೀಲಕ್ಕೆ ಹಾಕುವುದು. ಯಶೋದಮ್ಮನ ಮುಖ ಪ್ರತಿ ಸಲವೂ ಪರೀಕ್ಷೆಯಲ್ಲಿ ಫೇಲಾದ ಮಗುವಿನ ಮುಖದಂತಾಗುತ್ತಿತ್ತು. ತರಗತಿಯಲ್ಲಿ ಆ ಮುಖವನ್ನು ಇಪ್ಪತ್ತೈದು ವರ್ಷದಿಂದ ನೋಡುತ್ತಿರುವವನು ನಾನು. ಆದರೂ ಚಪ್ಪಲಿ ಮೆಟ್ಟಿಕೊಂಡು ಶಾಲೆಗೆ ಹೊರಟೆ.

ಸೋಮವಾರಗಳು ಇನ್ನೂ ಕಷ್ಟ. ಹತ್ತು ಗಂಟೆಗೆ ಸರಿಯಾಗಿ ಯಶೋದಮ್ಮ ಎಡಗೈಯಲ್ಲಿ ರಾಗಿ ಡಬ್ಬ ತಬ್ಬಿಕೊಂಡು ಬಾಗಿಲಿಗೆ ಬಂದು ನಿಲ್ಲುವರು. "ಮಿಲ್ಲು." ಕರಿಯಪ್ಪನವರು, "ಕುಂತ್ಕೊ, ಬಿದ್ಗಿದ್ದೀಯೆ, ನಾನೇ ಓಗ್ಬತ್ತೀನಿ" ಎಂದು ಡಬ್ಬ ಕಿತ್ತುಕೊಂಡು ಹೋಗಿ ಹಿಟ್ಟು ಮಾಡಿಸಿಕೊಂಡು ಬರುವರು. ಹಿಟ್ಟು ಕಂಡರೆ ಯಶೋದಮ್ಮ ಅಳುವರು, ಒಮ್ಮೆ ಡಬ್ಬವನ್ನೇ ಉರುಳಿಸಿದರು. ಮುಂದಿನ ಸೋಮವಾರ ಮತ್ತೆ ರಾಗಿ, ಮತ್ತೆ ಮಿಲ್ಲು. ಬೀದಿಗೆಲ್ಲ ಹಿಟ್ಟು ಹಂಚಿದ್ದಾಯಿತು. ನಮ್ಮ ಮನೆಯಲ್ಲಿ ಸತತ ಹನ್ನೊಂದು ದಿನ ಮುದ್ದೆ.

ಕಾರ್ತಿಕದ ಒಂದು ಸೋಮವಾರ ಕರಿಯಪ್ಪನವರ ತಾಳ್ಮೆ ಮುಗಿಯಿತು. ಬೆರಕೆಯ ಮೂಲವೇ ಈ ಪದ ಎಂದು ತೀರ್ಮಾನಿಸಿ, "ಇನ್ನು ಈ ಮಾತು ಈ ಮನೇಲಿ ಬ್ಯಾಡ" ಎಂದು ಹೆಂಡತಿಯ ಎದುರಿಗೇ ಮಿಲ್ಲು ಎಂಬ ತಗಡನ್ನು ಕಿತ್ತರು. ಯಶೋದಮ್ಮ ಆ ಬರಿ ಮೊಳೆಯನ್ನು ನೋಡಿದರು. ಅಂದಿನಿಂದ ಬಾಯಿ ಮುಚ್ಚಿದರು. ಹಸುವೂ ಇಲ್ಲ, ನೀರೂ ಇಲ್ಲ, ವೀಣಾಳೂ ಇಲ್ಲ. ಗೋಡೆಯ ಮುಂದೆ ಕೂರಿಸಿದರೆ ಕಣ್ಣು ಮುಚ್ಚಿಕೊಳ್ಳುವರು.

ಹನ್ನೆರಡನೆಯ ದಿನ, ಶನಿವಾರ, ಹರಿಪ್ರಿಯಾಳಲ್ಲಿಗೆ ಹೋದೆವು. ಅವಳು ಯಶೋದಮ್ಮನ ಎದುರು ಅರ್ಧ ಗಂಟೆ ಕೂತು, ಆಮೇಲೆ ನಮ್ಮನ್ನು ಹೊರಗೆ ಕರೆದಳು.

"ತಪ್ಪು ಪದ ಹೇಳೋರ್ನ ದಾರಿಗೆ ತರಬಹುದು ಸಾರ್. ಪ್ರಯತ್ನಾನೇ ಬಿಟ್ಟವರಿಗೆ ನಾನು ಏನು ಮಾಡ್ಲಿ? ಇವರಿಗೆ ಮಾತು ಚಿಗುರೋ ಕಾಲ ಇದು. ಈಗ ಒಂದೆರಡು ತಿಂಗಳು ಹೀಗೇ ಕಳೆದುಹೋದ್ರೆ ಆಮೇಲೆ ತುಂಬಾ ಕಷ್ಟ." ಫೋನಿನಲ್ಲಿ ಗೋಡೆಯ ಚಿತ್ರ ನೋಡಿದಳು. "ಆರನೇ ಗೆರೆ ಎಲ್ಲಿ? ಯಾರು ತೆಗೀರಿ ಅಂದದ್ದು?"

ಕರಿಯಪ್ಪನವರು ನನ್ನನ್ನು ನೋಡಿದರು. ನಾನು ಫ್ಯಾನು ನೋಡಿದೆ.

ಮಾರನೆಯ ದಿನ ಭಾನುವಾರ ಬೆಳಿಗ್ಗೆ ವೀಣ ನನ್ನನ್ನು ಕರೆದಳು. ಚೀಲದ ತಗಡುಗಳನ್ನೆಲ್ಲ ನೆಲದ ಮೇಲೆ ಸುರುವಿಕೊಂಡು, ಅಪ್ಪನ ಬೆರಕೆ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಪುಸ್ತಕ, ಹೇಳಲೇಬೇಕು, ಅಚ್ಚುಕಟ್ಟಾಗಿತ್ತು. ಅಪ್ಪ ತಪ್ಪೆಂದು ಬರೆದ ಒಂದೊಂದು ಜೋಡಿಗೂ ಅವಳು ಒಂದೊಂದು ಕಪ್ಪು ದಾರ ಎಳೆದಿದ್ದಳು. ಫೋನಿನಿಂದ ಮಿಲ್ಲಿಗೆ, ಅಕ್ಕನಿಂದ ಡಬ್ಬಕ್ಕೆ, ನಗುವಿನಿಂದ ಮಿಲ್ಲಿಗೆ.

"ನೋಡಿ ಮೇಷ್ಟ್ರೇ, ಒಂದೂ ಅಡ್ಡಾದಿಡ್ಡಿ ಹೋಗಿಲ್ಲ. ಎಲ್ಲಾ ಒಂದೇ ಕಡೆ ಸುತ್ತುತಾವೆ. ಮಿಲ್ಲು, ಡಬ್ಬ, ಫೋನು, ಅಕ್ಕ, ನಗು. ನಡುವೆ ಏನೋ ಒಂದು ಇರ್ಬೇಕು, ಅದರ ತಗಡೇ ಇಲ್ಲ. ಮತ್ತೆ ಇಲ್ಲಿ ನೋಡಿ, ಮಿಲ್ಲು ಬಂದಿರೋದೆಲ್ಲ ಸೋಮವಾರವೇ ಜಾಸ್ತಿ."

ನೆಂಟರ ಸಾಲಿನಲ್ಲಿ ಇಲ್ಲದ ತಗಡು ಯಾವುದೆಂದು ನನಗೆ ಗೊತ್ತಿತ್ತು. ಇಬ್ಬರೂ ಮಿಲ್ಲಿಗೆ ಹೋದೆವು.

ಮಿಲ್ಲಿನ ಸೋಮಮ್ಮ ರೆಪ್ಪೆಯವರೆಗೂ ಹಿಟ್ಟು ಮೆತ್ತಿಕೊಂಡು ಕೂತಿದ್ದರು. ವೀಣಾಳ ಮಾತು ಕೇಳಿ ಮಿಷನ್ನು ನಿಲ್ಲಿಸಿದರು.

"ಇನ್ನೇನವ್ವ, ನಿಮ್ಮವ್ವ ಸೋಮವಾರ ಸೋಮವಾರ ಬಂದು ನನ್ ಪೋನ್ನಾಗೆ ಅವ್ರಕ್ಕನ್ ಕೂಡೆ ಮಾತಾಡೋದು. ಒಂದು ಡಬ್ಬ ರಾಗಿ ಬೀಸೋಗಂಟ. ನಾನು ಮಿಷನ್ನ ನಿಧಾನಕ್ಕೆ ಬುಡ್ತಿದ್ದೆ. ಅದೇನ್ ನಗೋರು ಅಂತೀಯಾ ಇಬ್ರೂ!"

"ಎಷ್ಟು ವರ್ಷದಿಂದ?"

"ಅದ್ಯಾವ್ದೋ ಕಾರ್ಡು ಗಲಾಟೆ ಆಯ್ತಲ್ಲ, ಆವತ್ತಿಂದ್ಲೂವೆ."

"ಅಪ್ಪ ಇಷ್ಟು ತಿಂಗಳಿಂದ ಬರ್ತಾ ಇದ್ದಾರಲ್ಲ, ಒಂದು ಮಾತು ಹೇಳ್ಬಾರ್ದಿತ್ತಾ?"

"ಚೆನ್ನಾಗೇಳ್ದೆ! ಅವ್ರಿಗ್ ತಿಳೀದಂಗೆ ಕದ್ದು ಆಡಿದ್ ಮಾತ ಅವ್ರಿಗೇ ಯೋಳಕ್ಕಾಯ್ತದಾ? ನಿಮ್ಮಪ್ಪ ಬಂದ್ರೆ ಹಿಟ್ಟು ನುಣ್ಣಗಿಲ್ಲ, ಬೇರೆ ರಾಗಿ ಬೆರ್ತೋಗದೆ ಅಂತ ನಂಗೇ ಪಾಠ ಮಾಡ್ತದೆ." ಸೋಮಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. "ಇಂದ್ರಮ್ಮನೋರು ಈಗ್ಲೂ ಸೋಮವಾರ ಸೋಮವಾರ ಪೋನ್ ಮಾಡ್ತಾರೆ ಕಣವ್ವ. ಎಂಗವಳೆ ಅಂತಾರೆ, ಅಳ್ತಾರೆ. ಕರೀದೆ ಎಂಗ್ ಬರ್ಲಿ ಅಂತಾರೆ."

ವೀಣ ಮನೆಗೆ ಬಂದು ಅಪ್ಪನಿಗೆ ಎಲ್ಲವನ್ನೂ ಹೇಳಿದಳು, ದಾರ ತೋರಿಸಿ. ಕರಿಯಪ್ಪನವರು ನೆಲದ ಮೇಲಿನ ತಗಡುಗಳನ್ನು ಬಹಳ ಹೊತ್ತು ನೋಡಿದರು. "ಅನ್ನೊಂದ್ ವರ್ಸ" ಎಂದರು. "ಅಷ್ಟೂ ಸೋಮ್ವಾರ ನಂಗೆ ಮೋಸ ಮಾಡವ್ಳೆ." ಎದ್ದು ಹಿತ್ತಲಿಗೆ ಹೋದರು. ಎರಡು ದಿನ ಯಾರ ಕೂಡೆಯೂ ಮಾತಿಲ್ಲ. ಆ ಮನೆಯಲ್ಲಿ ಈಗ ಮಾತಾಡದವರು ಇಬ್ಬರು, ಮಧ್ಯೆ ವೀಣ.

ಬುಧವಾರ ಬೆಳಿಗ್ಗೆ ಅವರು ನಮ್ಮ ಮನೆಗೆ ಬಂದು ಕಟ್ಟೆಯ ಮೇಲೆ ಕೂತರು. ಗಡ್ಡ ಬಿಟ್ಟಿದ್ದರು.

"ಆರನೇ ಗೆರೆ ಕೇಳ್ದೆ ಮೇಷ್ಟ್ರೇ. ತಗಡು ಕೈಯ್ಯಾಗ್ ಕೊಟ್ಟು, ಮಿಲ್ಲು ಅಂದ್ರೆ ಏನ್ ನೆಪ್ಪಾಯ್ತದಮ್ಮಿ ಅಂತ ಕೇಳ್ದೆ."

"ಏನಂದ್ರು?"

"ನನ್ ಮಕಾನೇ ನೋಡುದ್ಲು. ತಗಡ ಮಂಚದ್ ಮ್ಯಾಗೆ ಮಡುಗ್ದ್ಲು. ಅತ್ಲಾಗ್ ತಿರೀಕಂಡ್ಲು." ಗಡ್ಡ ಕೆರೆದುಕೊಂಡು, "ಲಕ್ವ ಅಲ್ಲ ಇದು. ಅವ್ಳು ನನ್ ಕೂಡೆ ಮಾತು ಬುಟ್ಟವಳೆ" ಎಂದರು.

ಮೂವತ್ತೊಂಬತ್ತು ವರ್ಷ ಕಣ್ಣಿನಿಂದ ಬದುಕಿದವರ ಕಣ್ಣು ಕೆಂಪಗಿತ್ತು. ನಾನು ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದೆ.

ಇಂದ್ರಮ್ಮನ ಊರಿಗೆಂದು ಮೊದಲು ಮದ್ದೂರಿಗೆ ಹೋಗಿ, ಅಲ್ಲಿಂದ ಮಳವಳ್ಳಿ ಬಸ್ಸು ಹಿಡಿದೆವು. ಭಾರತೀನಗರದಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ಕದಲದೆ ಮುಕ್ಕಾಲು ಗಂಟೆ ನಿಂತೆವು. ಬೇರೆ ದಿನವಾಗಿದ್ದರೆ ಕಿಟಕಿಯಿಂದ ತಲೆ ಹಾಕಿ ಯಾವ ಗಾಡಿಯ ಕಬ್ಬು ಯಾವ ತಳಿ ಎಂದು ಇಡೀ ಬಸ್ಸಿಗೆ ತಿಳಿಸುತ್ತಿದ್ದರು. ಅಂದು ಮುಂದಿನ ಸೀಟಿನ ಕಂಬಿ ಹಿಡಿದು ಕೂತಿದ್ದರು, ತುಟಿ ಮಾತ್ರ ಅಲುಗುತ್ತಿತ್ತು. ಏನು ಹೇಳಬೇಕೆಂದು ಅಭ್ಯಾಸ ಮಾಡಿಕೊಳ್ಳುತ್ತಿದ್ದರೆಂದು ಕಾಣುತ್ತದೆ.

ಮಳವಳ್ಳಿಯ ಆಚೆ ನಾಲ್ಕು ಮೈಲಿ. ಇಂದ್ರಮ್ಮ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದರು. ಕರಿಯಪ್ಪನವರು ಅಂಗಳದಲ್ಲೇ ನಿಂತರು. ಇಂದ್ರಮ್ಮ ಕೈ ನಿಲ್ಲಿಸಲಿಲ್ಲ.

"ಯಾರು?"

"ನಾ ಕಣಮ್ಮ. ಕರಿಯಪ್ಪ."

"ಯಾವ ಕರಿಯಪ್ಪ? ಕಾರ್ಡ್ನಾಗೆ ಎಸ್ರಿಲ್ದಿರೋ ಕರಿಯಪ್ಪನಾ?"

ಬಸ್ಸಿನಲ್ಲಿ ಕಲಿತದ್ದೆಲ್ಲ ಅಲ್ಲಿಗೆ ಮುಗಿಯಿತು. ಬಾಯಿ ತೆರೆದರು, ಮುಚ್ಚಿದರು. ನಾನು ಒಂದು ಪದ ಕೊಡೋಣವೆಂದರೆ ನನಗೂ ಸಿಗಲಿಲ್ಲ. ಕೊನೆಗೆ, "ಊ ಕಣಮ್ಮ, ಅವ್ನೇಯ" ಎಂದರು. "ಬಾ ಮನೀಗೆ. ನಿನ್ ತಂಗಿ ಬಾಯಿ ಮುಚ್ಕಂಡವಳೆ."

ಇಂದ್ರಮ್ಮ ಮೊರ ಪಕ್ಕಕ್ಕಿಟ್ಟರು. "ಸಂತೋಸ, ಗಾಡಿ ತಗೀಲಾ" ಎಂದು ಒಳಗೆ ಕೂಗಿದರು. ಅಷ್ಟೇ. ಕಾಫಿ ಬೇಕೇ ಎಂದು ಕೂಡ ನಮ್ಮನ್ನು ಕೇಳಲಿಲ್ಲ.

ಆ ಮಧ್ಯಾಹ್ನ ನಾನು ಕಂಡದ್ದನ್ನು ಹಾಗೆಯೇ ಹೇಳುತ್ತೇನೆ. ಇಂದ್ರಮ್ಮ ನಡುಮನೆಯೊಳಗೆ ಬಂದು, ಗೋಡೆಯನ್ನೊಮ್ಮೆ ನೋಡಿ, "ಇದೇನ್ಲಾ ಇದು, ಜೇಡ ಮನೆ ಕಟ್ದಂಗೆ" ಎಂದು ತಂಗಿಯ ಪಕ್ಕ ಮಂಚದ ಮೇಲೆ ಕೂತರು. ಯಶೋದಮ್ಮ ಅಕ್ಕನ ಸೆರಗು ಹಿಡಿದುಕೊಂಡರು. ಬಿಡಲಿಲ್ಲ. ಒಂದೇ ಸಮನೆ ಅತ್ತರು. ಇಂದ್ರಮ್ಮ ಸಮಾಧಾನ ಹೇಳುವ ಗೋಜಿಗೇ ಹೋಗದೆ ತಮ್ಮ ಪಾಡಿಗೆ ಮಾತಾಡತೊಡಗಿದರು. ಎಮ್ಮೆ ಈದದ್ದು, ಸೊಸೆಯ ಸೊಂಟ ನೋವು, ಚೌಡಯ್ಯ ಚುನಾವಣೆಗೆ ನಿಂತು ಸೋತದ್ದು. ಅರ್ಧ ಗಂಟೆಯ ಮೇಲೆ ಯಶೋದಮ್ಮ ನಡುವೆ ಬಾಯಿ ಹಾಕಿದರು.

"ಬಸ್ಸು... ಬಸ್ಸು ಬಾಳೆ."

"ಊ ಕಣೆ, ಅದೇ ಮತ್ತೆ! ಆ ಮುಂಡೇದು ಅವತ್ತೂ ಅಂಗೇ ಮಾಡ್ತು."

"ಕೋಳಿ. ಡಬ್ಬ."

"ಅಯ್ಯೋ, ಅದ್ಯಾಕ್ ಕೇಳ್ತೀಯೆ!"

ಯಾವ ಪದ ಯಾವುದಕ್ಕೆಂದು ದೇವರಿಗೇ ಗೊತ್ತು. ಅಕ್ಕ ತಂಗಿ ಒಂದು ಗಂಟೆ ಹಾಗೇ ಮಾತಾಡಿದರು. ಯಶೋದಮ್ಮ ಒಮ್ಮೆ ನಕ್ಕರು ಕೂಡ. ಕರಿಯಪ್ಪನವರು ಗೋಡೆಗೆ ಒರಗಿ ಕೂತು, ಪ್ರತಿಯೊಂದು ಪದಕ್ಕೂ ಮುಂದಕ್ಕೆ ಬಾಗುವರು, ವೀಣ ಕಣ್ಣು ಕೆಕ್ಕರಿಸಿದ ಕೂಡಲೇ ಹಿಂದಕ್ಕೆ ಸರಿಯುವರು. ಹದಿನಾರು ದಿನದ ಮೇಲೆ ಹೆಂಡತಿಯ ದನಿ ಕೇಳುತ್ತಿದ್ದ ಮನುಷ್ಯ. ಅದರಲ್ಲಿ ಒಂದಾದರೂ ಅವರ ಕಡೆಗೆ ಬರಲಿಲ್ಲ.

ನಾಲ್ಕು ಗಂಟೆಗೆ ಇಂದ್ರಮ್ಮ ಎದ್ದು ನಿಂತರು. ಯಶೋದಮ್ಮನೂ ಎದ್ದರು. ಗೋಡೆ ಹಿಡಿದುಕೊಂಡು ಹೋಗಿ ಬೀರುವಿನಿಂದ ಎಡಗೈಯಲ್ಲೇ ಎರಡು ಸೀರೆ ತೆಗೆದು ಮಂಚದ ಮೇಲೆ ಹಾಕಿದರು. ಅಕ್ಕನ ಜೊತೆ ಹೊರಟಿದ್ದರು. ವೀಣ ಸೀರೆ ಮಡಚಿ ಚೀಲಕ್ಕಿಟ್ಟಳು, ಮಾತ್ರೆಗಳ ಚೀಟಿ ಬರೆದು ದೊಡ್ಡಮ್ಮನ ಕೈಗೆ ಕೊಟ್ಟಳು. ಹರಿಪ್ರಿಯಾಳ ಹತ್ತಿರ ವಾರಕ್ಕೊಮ್ಮೆ ತಾನೇ ಕರೆತರುವೆನೆಂದು ಸಂತೋಷ ಹೇಳಿದ.

ಗೇಟಿನ ಹತ್ತಿರ ಕಾರಿನ ಬಾಗಿಲು ಹಿಡಿದುಕೊಂಡು ಕರಿಯಪ್ಪನವರು ಕೇಳಿದರು. ದನಿ ಸಣ್ಣಗಿತ್ತು.

"ಯಸೋದೆ, ಯಾವಾಗ ಬತ್ತೀಯಾ?"

ಯಶೋದಮ್ಮ ಅವರನ್ನು ನೋಡಿದರು. ತುಟಿ ತೆರೆಯಿತು. ಪದ ಹುಡುಕುತ್ತಿದ್ದರು. ವೀಣ "ಅಮ್ಮ, ನಾಳೆ? ಮುಂದಿನ ವಾರ?" ಎನ್ನಹೊರಟಳು. ಕರಿಯಪ್ಪನವರು ಕೈ ಎತ್ತಿ ಅವಳನ್ನು ತಡೆದರು. ಸಂತೋಷ ಎಂಜಿನ್ ನಿಲ್ಲಿಸಿದ. ನಾವೆಲ್ಲ ನಿಂತೇ ಇದ್ದೆವು. ಬೀದಿಯಲ್ಲಿ ಸೊಪ್ಪಿನವಳೊಬ್ಬಳು ಬಂದು, ನಮ್ಮನ್ನು ನೋಡಿ, ಕೂಗದೆ ಮುಂದೆ ಹೋದಳು.

"ಕೇಳ್" ಎಂದರು ಯಶೋದಮ್ಮ. ಉಸಿರು ಎಳೆದುಕೊಂಡರು. "ಕೇಳ್... ಬ್ಯಾಡ."

ಕರಿಯಪ್ಪನವರು ಬಾಗಿಲು ಮುಚ್ಚಿದರು. ಕಾರು ಫಾರಂ ರಸ್ತೆಗೆ ತಿರುಗಿ ಮರೆಯಾಗುವವರೆಗೂ ನೋಡಿದರು.

"ಸರ್ಯಾಗೇ ಯೋಳುದ್ಲು ಮೇಷ್ಟ್ರೇ" ಎಂದರು.